ಹಿತ್ತಲ ಗೋಡೆಯ ಬಿಸಿಲು

"ಸಾಯಂಕಾಲ ನಾಲ್ಕರ ಮೇಲೆ ಆ ಗೋಡೆಗೆ ಒಂಚೂರೂ ಬಿಸಿಲು ಬೀಳಬಾರದು. ಬೀಳಲ್ಲ ತಾನೆ?"

ಗಡಿಯಾರ ರಿಪೇರಿಯ ಮುದುಕ ಫೋನಿನಲ್ಲಿ ಇದನ್ನು ಕೇಳಿದ್ದು ಮೂರನೆಯ ಸಲ. ಸರ್ವೆಯರ್‌ಗೆ ಮೈ ಉರಿಯಿತು. ಹತ್ತು ವರ್ಷದ ನೌಕರಿಯಲ್ಲಿ ಅವನು ನೂರೆಂಟು ತಕರಾರು ಕೇಳಿದ್ದ. ಆದರೆ ಹಿತ್ತಲಾಚೆಯ ಮನೆಯ ಬಿಸಿಲು ಪೂರ್ತಿ ಹೋಗುತ್ತದೆಯೇ ಎಂದು ಇಷ್ಟು ಆಸೆಯಿಂದ ವಿಚಾರಿಸಿದವರನ್ನು ಕಂಡಿರಲಿಲ್ಲ.

"ಹದಿನೆಂಟು ಅಂತಸ್ತು ಎದ್ದಮೇಲೆ ಬಿಸಿಲೆಲ್ಲಿಂದ ಬರುತ್ತೆ ಯಜಮಾನ್ರೇ? ಇವತ್ತು ಅಲ್ಲಿಗೇ ಹೋಗ್ತಿದೀನಿ. ಅಳತೆ ತಗೊಂಡು ಹೇಳ್ತೀನಿ."

"ಬೇಗ ಆಗ್ಲಿ," ಎಂದ ಮುದುಕ. "ತಡ ಆದಷ್ಟೂ ಆ ಮನೆಯಾಕೆಗೇ ಕಷ್ಟ."

ಬೆದರಿಕೆ ಬೇರೆ, ಎಂದುಕೊಂಡ ಸರ್ವೆಯರ್.

ನಗರದ ಅಂಚಿನ ಆ ಬಡಾವಣೆಯಲ್ಲಿ ಇದ್ದವೆಲ್ಲ ಒಂದಂತಸ್ತಿನ ಮನೆಗಳು. ಬಹುಮಹಡಿ ಕಟ್ಟಡದ ಪ್ರಸ್ತಾಪ ಬಂದಾಗ ಬೀದಿಗೆ ಬೀದಿಯೇ ಬೇಡವೆಂದಿತ್ತು. ಈಚೆಗೆ ಈ ಮುದುಕ ಯಾರಿಗೂ ಹೇಳದೆ ಕೇಳದೆ ತನ್ನ ಮನೆ ಬಿಟ್ಟುಕೊಡುತ್ತೇನೆಂದು ಸಹಿ ಹಾಕಿದ. ಅಲ್ಲಿಗೆ ಒಗ್ಗಟ್ಟು ಮುರಿಯಿತು. ಒಬ್ಬರ ಹಿಂದೊಬ್ಬರು ಒಪ್ಪಿಕೊಂಡರು. ಉಳಿದಿದ್ದು ಒಂದೇ ತಕರಾರು, ಮುದುಕನ ಮನೆಗೆ ಬೆನ್ನು ಹಾಕಿ ನಿಂತ ಮನೆಯ ಟೈಲರಮ್ಮನದು. 'ನಮ್ಮ ಹಿತ್ತಲ ಗೋಡೆಯ ಬಿಸಿಲು ಹೋಗುತ್ತದೆ.' ಅರ್ಜಿಯಲ್ಲಿ ಇದ್ದದ್ದು ಅಷ್ಟೇ. ಆ ಬಿಸಿಲು ಆಕೆಗೆ ಬೇಕೇಬೇಕೋ ಬೇಡವೋ ಎಂದು ಸರ್ವೆಯರ್ ವರದಿ ಬರೆಯಬೇಕಿತ್ತು. ಅವನ ಆ ಒಂದು ಸಾಲಿನ ಮೇಲೆ ಇಡೀ ಕಟ್ಟಡ ನಿಂತಿತ್ತು.

ಟೈಲರಮ್ಮ ಹಿತ್ತಲಿನಲ್ಲಿ ಎರಡು ಸ್ಟೂಲು ಹಾಕಿದಳು, ಮನೆಯ ಬಿಳಿ ಗೋಡೆಗೆ ಮುಖ ಮಾಡಿ. ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು.

"ಬಿಸಿಲು ಬಟ್ಟೆ ಒಣಗ್ಸೋಕಾ ಅಮ್ಮ?"

"ಅಲ್ಲಪ್ಪ. ನಮ್ಮ ಮನೆಯವರು ಬರ್ತಾರೆ."

ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತೆಂದು ಬಾಗಿಲಲ್ಲಿ ಆಕೆಯೇ ಹೇಳಿದ್ದಳು. ಸರ್ವೆಯರ್‌ನ ಪೆನ್ನು ನಿಂತಿತು.

"ನಾಲ್ಕೂ ಹತ್ತಕ್ಕೆ ಈ ಗೋಡೆ ಮೇಲೆ ನೆರಳು ಬಂದು ಕೂರುತ್ತೆ. ಅವರದೇ ಟೋಪಿ, ಅವರದೇ ಭುಜ. ನಾನು ಹೊಲಿಗೆ ಬಿಟ್ಟು ಬಂದು ಅವತ್ತಿನ ಸುದ್ದಿಯೆಲ್ಲ ಒಪ್ಪಿಸ್ತೀನಿ. ತಲೆ ಕೆಟ್ಟಿದೆ ಅನ್ಕೋಬೇಡಿ. ಹಿಂದೆ ತಿರುಗಿ ಮಾತ್ರ ಒಂದು ದಿನಾನೂ ನೋಡಿಲ್ಲ. ನೋಡಿದ್ರೆ ಎಲ್ಲಿ ಹೋಗಿಬಿಡ್ತಾರೋ ಅಂತ."

"ಯಾವತ್ತೂ ತಪ್ಪಲ್ವಾ?"

"ಮೊದಲೆಲ್ಲ ಒಂದೊಂದು ದಿನ ತಪ್ತಿತ್ತು. ಬಂದ್ರೂ ಸುಮ್ನೆ ಕೂತಿದ್ದು ಹೋಗೋರು. ಈಗ ಮೂರು ತಿಂಗಳಿಂದ ತಪ್ಪಿಸಿಲ್ಲ. ಕೈಯೆತ್ತಿ ಮಾತಾಡಿಸ್ತಾರೆ." ಆಕೆಯ ಮುಖ ಅರಳಿತು, ಮರುಗಳಿಗೆ ಗಂಟಿಕ್ಕಿತು. "ಇಂಥಾ ಹೊತ್ತಲ್ಲಿ ಆ ಗಡಿಯಾರದವನಿಗೆ ಏನು ಬಂದಿತ್ತು ದೊಡ್ಡರೋಗ, ಸಹಿ ಹಾಕೋಕೆ? ನಮ್ಮವರಿಗೆ ಜೀವದ ಗೆಳೆಯ. ಮಗಳ ಮನೆಗೆ ಹೋಗಿ ಬಂದಾಗಿನಿಂದ ಬೀದಿಗೆ ಮುಖ ತೋರಿಸಿಲ್ಲ. ಹೇಗೆ ತೋರಿಸ್ತಾನೆ?"

ನಾಲ್ಕು ಹತ್ತಕ್ಕೆ ನೆರಳು ಬಿತ್ತು.

ಟೋಪಿ, ಭುಜ, ಬಾಗಿದ ಬೆನ್ನು. ಸರ್ವೆಯರ್ ಎದ್ದು ಗೋಡೆಗೆ ಟೇಪು ಹಿಡಿದ. ಮಧ್ಯಾಹ್ನದಿಂದ ಕಾದಿದ್ದ ಗೋಡೆ ಆ ಜಾಗದಲ್ಲಿ ಮಾತ್ರ ತಣ್ಣಗಿತ್ತು. ನೆರಳು ನಿಧಾನವಾಗಿ ಕೈಯೆತ್ತಿತು. ಟೈಲರಮ್ಮ ನಾಚಿ ನಕ್ಕಳು. ಸರ್ವೆಯರ್‌ನ ತೋಳಿನ ರೋಮಗಳೆಲ್ಲ ನಿಮಿರಿ ನಿಂತವು.

"ಚಳಿಗಾಲ, ಬೇಸಿಗೆ, ಎರಡರಲ್ಲೂ ಇದೇ ಜಾಗವಾ ಅಮ್ಮ?"

"ಒಂದು ಗೇಣೂ ಆಚೀಚೆ ಇಲ್ಲ."

ಅಲ್ಲಿ ಅವನ ಭಯ ಇಳಿಯಿತು. ನೆರಳಿನ ಲೆಕ್ಕ ಅವನ ಅನ್ನ. ಕಂಬದ್ದಾಗಲಿ ನೀರಿನ ಟ್ಯಾಂಕಿನದಾಗಲಿ, ನೆರಳು ಋತುವಿಗೆ ತಕ್ಕಂತೆ ಜರುಗಲೇಬೇಕು. ಜರುಗದಿದ್ದರೆ ಅದನ್ನು ಯಾರೋ ಹೊಂದಿಸುತ್ತಿದ್ದಾರೆ ಎಂದರ್ಥ. ತಿರುಗಿ ನೋಡಿದ. ಮುದುಕನ ತಾರಸಿಯ ಮೇಲೆ ಸೂರ್ಯ ನೇರ ಕಣ್ಣಿಗೆ ಹೊಡೆದ, ಏನೂ ಕಾಣಲಿಲ್ಲ. ಕಾಣುವ ಅಗತ್ಯವೂ ಇರಲಿಲ್ಲ, ಅಲ್ಲಿ ಕೂರುವವನು ಮುದುಕನೇ. ಗಂಡ ಸತ್ತ ಹೆಂಗಸಿನ ಜೊತೆ ಒಂಬತ್ತು ವರ್ಷ ಆಟವಾಡಿ, ಸಾಕಾದ ಮೇಲೆ ಮನೆ ಮಾರುತ್ತಿದ್ದಾನೆ! ಸರ್ವೆಯರ್ ಹಲ್ಲು ಕಡಿಯುತ್ತ ಬೀದಿ ಸುತ್ತಿ ಮುದುಕನ ಮನೆಗೆ ಹೋದ.

"ಬಾಗಿಲು ತೆಗೆದೇ ಇದೆ, ಬನ್ನಿ," ಎಂದಿತು ಒಳಗಿನ ದನಿ. ಮುದುಕ ಸೊಂಟದಿಂದ ನೆಲದವರೆಗೆ ಶಾಲು ಹೊದ್ದು ಕುರ್ಚಿಯಲ್ಲಿದ್ದ.

"ತಾರಸಿ ಮೇಲೆ ಕೂರೋದು ನೀವೇ ತಾನೆ?"

ಮುದುಕ ತಡವರಿಸಲಿಲ್ಲ. "ನಾನೇ. ಆಕೆ ಗಂಡನೂ ನಾನೂ ಅಲ್ಲೇ ಚದುರಂಗ ಆಡ್ತಿದ್ವಿ. ಅವನು ಹೋದ ಹೊಸದರಲ್ಲಿ ಅವನ ಟೋಪಿ ಅಲ್ಲಿ ಸಿಕ್ತು. ಹಾಕ್ಕೊಂಡು ಕೂತೆ. ಕೆಳಗೆ ಅವನ ಹೆಂಡತಿ, ನನಗೆ ತಂಗಿ ಇದ್ದ ಹಾಗೆ, ಮಾತಾಡೋದು ಕೇಳಿಸ್ತು. ತಿಂಗಳಿಂದ ಬಾಯಿ ಬಿಡದೆ ಇದ್ದೋಳು. ನೋಡಿದ್ರೆ ನನ್ನ ನೆರಳಿನ ಜೊತೆ. ಮಾರನೇ ದಿನ ಹೇಗೆ ಕೂರದೆ ಇರ್ಲಿ? ಬಿಸಿಲು ಜರುಗಿದ ಹಾಗೆ ಸ್ಟೂಲು ಜರುಗಿಸ್ಕೊಂಡು ಒಂಬತ್ತು ವರ್ಷ ಕೂತೆ. ತಪ್ಪು ಅಂತ ಗೊತ್ತಿತ್ತು. ಬಿಡೋದು ಹೇಗೆ ಅಂತ ಗೊತ್ತಾಗ್ಲಿಲ್ಲ."

"ಮತ್ತೆ ಸಹಿ ಯಾಕೆ ಹಾಕಿದ್ರಿ?"

"ಇನ್ನು ಹತ್ತೋಕಾಗಲ್ಲಪ್ಪ. ಅವನಾಗೇ ಬರೋದು ಬಿಟ್ಟ ಅಂದ್ರೆ ಅವಳು ತಡ್ಕೋತಾಳಾ? ಕಟ್ಟಡ ಬಿಸಿಲು ಮುಚ್ಚಿತು ಅಂತ ಆಗ್ಲಿ. ಕಟ್ಟಡಕ್ಕೆ ಶಾಪ ಹಾಕ್ಲಿ, ನನಗೂ ಹಾಕ್ಲಿ. ಅವನಿಗೆ ಹಾಕದೆ ಇದ್ರೆ ಸಾಕು."

ಸರ್ವೆಯರ್‌ನ ಸಿಟ್ಟು ಎಲ್ಲಿ ಹೋಯಿತೋ. ಅಲ್ಲೇ ಕೂತು 'ಈ ಗೋಡೆಗೆ ಬಿಸಿಲಿನ ಅಗತ್ಯವಿಲ್ಲ' ಎಂದು ಬರೆದು ಸಹಿ ಹಾಕಿದ. ಮುದುಕ ಕೈಮುಗಿದ.

"ಆದರೂ ಕೆಲಸ ಶುರುವಾಗೋವರೆಗೆ ಹತ್ತಿ ಯಜಮಾನ್ರೇ," ಎಂದ ಸರ್ವೆಯರ್ ಏಳುತ್ತ. "ಈಗ ತಾನೇ ಕೂತಿದ್ರಲ್ಲ. ನೀವು ಕೈಯೆತ್ತಿದಾಗ ಅವರ ಮುಖ ನೋಡ್ಬೇಕಿತ್ತು."

ಮುದುಕ ಶಾಲು ಸರಿಸಿದ. ಮೊಣಕಾಲಿನ ಕೆಳಗೆ ಬಲಗಾಲು ಇರಲಿಲ್ಲ.

"ಇದನ್ನ ತೆಗೆದು ಮೂರು ತಿಂಗಳಾಯ್ತು," ಎಂದ. "ಅವತ್ತಿನಿಂದ ತಾರಸಿಗೆ ಯಾರೂ ಹತ್ತಿಲ್ಲ."