ಬೆಳಿಗ್ಗೆ ಆರರ ಡಾಕ್ಟರು

ಮಂಡಿನೋವು ತಡೆಯಲಾರದೆ ಆಪರೇಷನ್ನಿಗೆ ತಾರೀಖು ಕೇಳಲು ಲಿಫ್ಟಿನಲ್ಲಿ ಬಂದ ಗುಲಾಬಿ ಟೀಚರಿಗೆ ಮೂಳೆ ಡಾಕ್ಟರು ಕೈಮುಗಿದೇಬಿಟ್ಟರು.

"ಆಸ್ಪತ್ರೆಯ ಪದ್ಧತಿ ಬದಲಾಗಿದೆ ಟೀಚರ್. ಕೊಯ್ದಿದ್ದಕ್ಕೆ ಈಗ ನಮಗೆ ದುಡ್ಡಿಲ್ಲ, ನೀವು ನೋವಿಲ್ಲದೆ ನಡೆದರೆ ಮಾತ್ರ. ಮೂರು ತಿಂಗಳು ದಿನಾ ವಾಕಿಂಗ್ ಮಾಡಿ, ಆಮೇಲೆ ನೋಡೋಣ."

"ನಾನು ನಡೆದೆನೋ ಇಲ್ಲವೋ ಅಂತ ನೋಡೋರು ಯಾರು?"

"ನಾನೇ!"

ಮರುದಿನ ಬೆಳಿಗ್ಗೆ ಆರಕ್ಕೇ ಡಾಕ್ಟರು ಟೀಚರ ಮನೆ ಗೇಟಿನ ಮುಂದೆ ಹಾಜರು. ಟೀಚರಿಗೆ ಮೈಯೆಲ್ಲ ಉರಿಯಿತು. ಆದರೂ ಗೊಣಗುತ್ತಲೇ ಜೊತೆಗೆ ನಡೆದರು. "ಪಾಪ, ನಿಮಗೆ ಸುಸ್ತಾಯ್ತೇನೋ" ಎನ್ನುತ್ತ ಪಾರ್ಕಿನ ಪ್ರತಿಯೊಂದು ಬೆಂಚಿನ ಮೇಲೂ ಡಾಕ್ಟರೇ ಮೊದಲು ಕೂರುತ್ತಿದ್ದರು. ದಿನ ಕಳೆದಂತೆ ಇಬ್ಬರೂ ಒಂದೊಂದೇ ಬೆಂಚು ದಾಟಿ ಮುಂದೆ ಹೋಗತೊಡಗಿದರು.

ಮೂರು ತಿಂಗಳಾದ ಮೇಲೆ ಟೀಚರು ಆಸ್ಪತ್ರೆಯ ಎರಡು ಮಹಡಿ ಹತ್ತಿಕೊಂಡೇ ಬಂದರು.

"ನನಗೆ ಆಪರೇಷನ್ ಬೇಡ ಡಾಕ್ಟ್ರೇ. ನೀವೇ ಗೆದ್ರಿ, ಬರ್ಕೊಳ್ಳಿ!"

ಡಾಕ್ಟರು ಮುಖವರಳಿಸಿ ಬರೆದುಕೊಂಡರು. ಆಮೇಲೆ ಊರಿನ ಇನ್ನೊಂದು ಆಸ್ಪತ್ರೆಗೆ ಫೋನ್ ಹಚ್ಚಿದರು.

"ಸೋಮವಾರ ನನ್ನ ಮಂಡಿ ಆಪರೇಷನ್ ಇಟ್ಕೊಂಡಿದ್ರಲ್ಲ, ಅದನ್ನ ಕ್ಯಾನ್ಸಲ್ ಮಾಡಿ."