ಸಂತೆ ದಿನ ರಜೆ ಹಾಕುವ ಗ್ರಹ

ತೀರ್ಪುಗಾರ ಸುಬ್ಬರಾಯರು ಗ್ರಾಫಿನ ಮೇಲೆ ಬೆರಳಿಟ್ಟು “ಇದೆಂತದು, ಈ ತಗ್ಗು?” ಎಂದು ಕೇಳಿದಾಗ, ಎದೆ ಧಸಕ್ಕೆಂದದ್ದು ಮಾದರಿ ಮಾಡಿಟ್ಟ ಹುಡುಗಿಯದಲ್ಲ, ಬಾಗಿಲ ಹತ್ತಿರ ನಿಂತಿದ್ದ ಸೀತಕ್ಕನದು. ಶೆಟ್ಟಿಕೊಪ್ಪದ ಶಾಲೆಯ ಬೇಲಿಯಾಚೆಗಿನ ಹಿಟ್ಟಿನ ಗಿರಣಿ ಅವಳದು. ವಿಜ್ಞಾನ ಪ್ರದರ್ಶನ ನೋಡುವ ಆಸೆಯಿಂದೇನೂ ಅವಳು ಕೆಲಸ ಬಿಟ್ಟು ಬಂದಿರಲಿಲ್ಲ. ಆ ತಗ್ಗಿನ ಗತಿ ಏನಾಗುತ್ತದೋ ನೋಡಬೇಕಿತ್ತು.

ಮಾದರಿ ಹತ್ತನೇ ಕ್ಲಾಸಿನ ಶ್ರಾವ್ಯಳದು. ರಟ್ಟಿನ ಪೆಟ್ಟಿಗೆಯೊಳಗೆ ಒಂದು ಬಲ್ಬು, ಅದರ ಸುತ್ತ ಹಳೇ ಟೇಪ್ ರೆಕಾರ್ಡರಿನ ಮೋಟರಿನಿಂದ ನಿಧಾನಕ್ಕೆ ಸುತ್ತುವ ಒಂದು ಗೋಟಡಿಕೆ, ಎದುರಿಗೆ ಬೆಳಕು ಅಳೆಯುವ ಮೀಟರು. “ದೂರದ ನಕ್ಷತ್ರಗಳಿಗೂ ಗ್ರಹ ಇದಾವೆ ಸರ್. ಈಗಾಗಲೇ ಸಾವಿರಾರು ಸಿಕ್ಕಿದಾವೆ,” ಎಂದು ಅವಳು ಆಗಷ್ಟೇ ವಿವರಿಸಿದ್ದಳು. “ಅವು ಕಣ್ಣಿಗೆ ಕಾಣಲ್ಲ. ಆದ್ರೆ ಗ್ರಹ ಅಡ್ಡ ಬಂದಾಗ ನಕ್ಷತ್ರದ ಬೆಳಕು ಚೂರು ಇಳಿಯುತ್ತೆ. ಎಷ್ಟು ಇಳೀತು ಅಂತ ನೋಡಿದ್ರೆ ಅಡ್ಡ ಬಂದಿದ್ದು ಎಷ್ಟು ದೊಡ್ಡದು ಅಂತಾನೂ ಹೇಳಬಹುದು.” ಎರಡು ವಾರ, ದಿನಾ ಕೊನೇ ಪೀರಿಯಡ್ಡಿನಲ್ಲಿ ಕೂತು ಅವಳು ಆ ಇಳಿತವನ್ನು ಗ್ರಾಫಿನಲ್ಲಿ ಗುರುತಿಸಿದ್ದಳು. ಅಡಿಕೆ ಅಡ್ಡ ಬಂದಾಗಲೆಲ್ಲ ಒಂದೊಂದು ತಗ್ಗು, ಒಂದರಂತೆ ಇನ್ನೊಂದು.

“ಇವೆಲ್ಲ ಸರಿ. ಈ ಅಗಲದ್ದು ಯಾವುದು?” ಸುಬ್ಬರಾಯರು ಬೆರಳು ತೆಗೆಯಲಿಲ್ಲ. “ದಿನಾ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಬಂದಿದೆ. ಆಗ ಅಡಿಕೆ ಬಲ್ಬಿನ ಹಿಂದಿದ್ದರೂ ಬಂದಿದೆ. ಎರಡು ಗುರುವಾರ ಮಾತ್ರ ಇಲ್ಲ. ಸಂತೆ ದಿನ ರಜೆ ಹಾಕೋ ಗ್ರಹವೋ ಇದು?”

ಅಲ್ಲಿದ್ದವರೆಲ್ಲ ನಕ್ಕರು. ನಗದೆ ಉಳಿದವನು ಅತಿಥಿಯಾಗಿ ಬಂದಿದ್ದ ಕರೆಂಟ್ ಆಫೀಸಿನ ಇಂಜಿನಿಯರ್ ವಿಜಯ್. ಅವನು ಕುರ್ಚಿ ಮುಂದೆಳೆದುಕೊಂಡು ಗ್ರಾಫ್ ನೋಡತೊಡಗಿದ.

ಬೆಳಿಗ್ಗೆ ಅಕ್ಕಿಯ ಚೀಲ ಇಟ್ಟು ಹೋದ ಮಕ್ಕಳು ಶಾಲೆ ಬಿಟ್ಟ ಕೂಡಲೇ ಹಿಟ್ಟಿಗೆ ಬಂದು ನಿಲ್ಲುತ್ತಾರೆಂದು ಸೀತಕ್ಕ ಗಿರಣಿ ಹಾಕುತ್ತಿದ್ದದ್ದೇ ಆ ಹೊತ್ತಿಗೆ. ಅದು ಓಡುತ್ತಿರುವಷ್ಟು ಹೊತ್ತು ಸುತ್ತಲಿನ ಬಲ್ಬುಗಳೆಲ್ಲ ಮಂಕಾಗುತ್ತವೆ. ಯಾರಾದರೂ ಕೇಳಿದರೆ “ಲೈನೇ ಸರಿ ಇಲ್ಲ” ಎಂದು ಅವಳು ಸಾಗಹಾಕುತ್ತಿದ್ದಳು. ಕರೆಂಟ್ ಆಫೀಸಿನ ಕಾಗದದಲ್ಲಿ ಇರುವುದು ಮೂರು ಎಚ್‌ಪಿಯ ಮೋಟರು. ಅದು ಸುಟ್ಟುಹೋದ ಮೇಲೆ ಅವಳು ಯಾರಿಗೂ ಹೇಳದೆ ಕೂರಿಸಿದ್ದು ಏಳೂವರೆಯದು. ಗೊತ್ತಾದರೆ ಫ್ಯೂಸು ಕಿತ್ತು ಸೀಲ್ ಹಾಕುತ್ತಾರೆ. ಹೊಟ್ಟೆಪಾಡಿಗೆ ಅವಳಿಗೆ ಬೇರೆ ದಾರಿ ಇರಲಿಲ್ಲ.

ಹಿಂದಿನ ದಿನ ಹಿಟ್ಟಿಗೆ ಬಂದಾಗ ಶ್ರಾವ್ಯಳೇ ವಿಷಯ ತೆಗೆದಿದ್ದಳು. “ಅಕ್ಕ, ನಿಮ್ಮ ಮಿಲ್ಲು ನನ್ನ ಗ್ರಾಫಲ್ಲಿ ಸಿಕ್ಕಿಬಿದ್ದಿದೆ. ಶಾಲೆಯ ಒಂದು ಎಚ್‌ಪಿ ಪಂಪು ಹಾಕಿದ್ರೆ ಬಲ್ಬು ಎಷ್ಟು ಇಳಿಯುತ್ತೆ ಅಂತ ಅಳೆದು, ನಿಮ್ಮ ಮೋಟರ್ ಎಷ್ಟರದ್ದು ಅಂತ ಲೆಕ್ಕ ಹಾಕಿದೀನಿ.”

“ಅಳಿಸಿಬಿಡೇ ಮಾರಾಯ್ತಿ, ನಿನ್ನ ದಮ್ಮಯ್ಯ.”

“ಬಂದಿದ್ದನ್ನ ಅಳಿಸೋದು ಹೆಂಗೆ ಅಕ್ಕ? ಯಾರದು ಅಂತ ಹೇಳಲ್ಲ, ಅಷ್ಟೆ.”

ಈಗ ಸುಬ್ಬರಾಯರು ಕೆಂಪು ಪೆನ್ನಿನ ಮುಚ್ಚಳ ತೆಗೆದರು. ಕೆಟ್ಟ ಮನುಷ್ಯರೇನಲ್ಲ. “ನೋಡಮ್ಮ, ಉಳಿದಿದ್ದೆಲ್ಲ ಚೆನ್ನಾಗಿದೆ. ಇದೊಂದು ಹೊಡೆದು ಹಾಕು, ಜಿಲ್ಲೆಗೆ ನಿನ್ನದನ್ನೇ ಕಳಿಸ್ತೇನೆ.”

“ಹೊಡೆಯಲ್ಲ ಸರ್. ಅದು ನಿಜವಾಗ್ಲೂ ಬಂದಿದೆ.”

“ಹಾಗಾದ್ರೆ ಎಂತದು ಅಂತ ಹೇಳು.”

“ಗೊತ್ತು ಸರ್. ಹೇಳೋಕಾಗಲ್ಲ.”

ಮತ್ತೆ ನಗು. ಈ ಸಲ ಶ್ರಾವ್ಯಳ ಕಿವಿ ಕೆಂಪಾಯಿತು. ಸುಬ್ಬರಾಯರು ತಲೆ ಅಲ್ಲಾಡಿಸಿ, “ಮನೇಲಿ ಕೂತು ಗೀಚಿದ್ದು ಅಂತಲೇ ಬರೀಬೇಕಾಗುತ್ತೆ ಮತ್ತೆ,” ಎಂದು ಅಂಕದ ಹಾಳೆ ಹತ್ತಿರ ಎಳೆದುಕೊಂಡರು. ಹುಡುಗಿ ಬಾಗಿಲ ಕಡೆ ಒಮ್ಮೆಯೂ ನೋಡಲಿಲ್ಲ. ನೋಡಿದ್ದರೆ ಸೀತಕ್ಕನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲವೇನೋ. ತನ್ನ ಸುಳ್ಳನ್ನು ಕಾಯಲಿಕ್ಕೆ ಹದಿನೈದು ವರ್ಷದ ಕೂಸು ಸುಳ್ಳುಬುರುಕಿ ಅನ್ನಿಸಿಕೊಳ್ಳುತ್ತಿದೆ. ಸೀತಕ್ಕನಿಗೆ ತಡೆಯಲಾಗಲಿಲ್ಲ.

“ಸಾರ್, ಆ ಗ್ರಹ ನಂದು,” ಎಂದಳು. “ನಮ್ಮ ಮಿಲ್ಲು ಹಾಕಿದಾಗ ಬೀಳೋ ತಗ್ಗು ಅದು. ಗುರುವಾರ ನಾನು ಸಂತೆಗೆ ಹೋಗ್ತೀನಿ.”

ಯಾರೂ ನಗಲಿಲ್ಲ. ವಿಜಯ್ ಕುರ್ಚಿಯಿಂದಲೇ ತಿರುಗಿದ. “ನಿಮ್ಮದು ಮೂರು ಎಚ್‌ಪಿ ಅಲ್ವಾ ಸೀತಕ್ಕ? ಮೂರಕ್ಕೆ ಇಷ್ಟು ಇಳಿಯಲ್ಲ.”

ಸೀತಕ್ಕ ಸೀದಾ ಮೇಜಿನ ಹತ್ತಿರ ಬಂದಳು. ಸೆರಗಿಗೆ ಮೆತ್ತಿದ್ದ ಹಿಟ್ಟನ್ನು ಕೊಡವಿಕೊಳ್ಳುವುದೂ ಅವಳಿಗೆ ಮರೆತಿತ್ತು.

“ನಿನ್ನ ಲೆಕ್ಕದಲ್ಲಿ ಎಷ್ಟು ಬಂತು, ಹೇಳೇ.”

“ಬೇಡ ಅಕ್ಕ.”

“ಹೇಳು ಅಂದೆ.”

ಶ್ರಾವ್ಯ ತಲೆ ಎತ್ತಲಿಲ್ಲ. “ಏಳೂವರೆ,” ಎಂದಳು.

ಸೀತಕ್ಕ ಸುಬ್ಬರಾಯರ ಕಡೆ ತಿರುಗಿದಳು.

“ಸರಿಯಾಗಿದೆ ಸಾರ್. ಮಾರ್ಕ್ಸ್ ಹಾಕಿ.”