ಬಾಯಿಗೆ ಹಾಕದ ದ್ರಾಕ್ಷಿ

ಒಣದ್ರಾಕ್ಷಿ ಕುದಿಯುವ ವಾಸನೆ ಬಂದರೆ ಈಗಲೂ ನನಗೆ ಮೈ ಉರಿಯುತ್ತದೆ.

ಎಪ್ಪತ್ತರ ದಶಕದಲ್ಲಿ ನಮ್ಮ ಮನೆ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿತ್ತು. ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ಕರ್ತನ ಭೋಜನ, ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿಯ ತುಣುಕು, ದ್ರಾಕ್ಷಿ ರಸ ತೆಗೆದುಕೊಳ್ಳುವ ದಿನ. ಅದಕ್ಕೆ ಬೇಕಾದ ರಸವನ್ನು ಅವ್ವ ಶನಿವಾರ ಮಧ್ಯಾಹ್ನ ಕಪ್ಪು ಒಣದ್ರಾಕ್ಷಿ ಕುದಿಸಿ ತೆಗೆಯುತ್ತಿದ್ದಳು. ತೊಟ್ಟು ಬಿಡಿಸುವುದು ನನ್ನ ಕೆಲಸ. ನನಗಾಗ ಎಂಟು ವರ್ಷ. ಒಂದು ಶನಿವಾರ ಊಟ ತಡವಾಗಿ ಹೊಟ್ಟೆ ಹಸಿದಿತ್ತು, ಬೆರಳಿಗೆಲ್ಲ ಸಿಹಿ ಅಂಟಿತ್ತು. "ಕರ್ತನ ಮೇಜಿಂದದು, ನೆಕ್ಕಬ್ಯಾಡ," ಎಂದಿದ್ದಳು ಅವ್ವ. ನಾನು ಬೆರಳನ್ನೂ ನೆಕ್ಕದೆ ನೀರಿನಲ್ಲಿ ಅದ್ದಿ ತೊಳೆದೆ.

ಸಂಜೆ ರಸ ಒಯ್ಯಲು ಬಂದ ಚರ್ಚಿನ ಸಭೆಯ ಹಿರಿಯರೊಬ್ಬರು ಪಾತ್ರೆಯಲ್ಲಿ ಇಣುಕಿದರು.

"ಈ ಸಲ ರಸ ಗಟ್ಟಿ ಇಲ್ಲಲ್ಲ! ಏ ಹುಡುಗಿ, ಬಾಯಿ ತಗಿ."

ತೆರೆದೆ. ಅವರು ಬಗ್ಗಿ ನೋಡಿದರು, ಮೂಸಿದರು. ಏನೂ ಸಿಗಲಿಲ್ಲ.

"ನುಂಗ್ಯಾಳ," ಎಂದರು.

"ಆಕಿ ಮುಟ್ಟಿಲ್ರೀ. ನಾ ಇಲ್ಲೇ ಕುಂತಿದ್ನಿ," ಎಂದಳು ಅವ್ವ.

"ತಾಯಿ ಇನ್ನೇನಂತಾಳ ಬಿಡವ್ವಾ!" ಎಂದು ನಕ್ಕು ಪಾತ್ರೆ ಎತ್ತಿಕೊಂಡು ಹೋದರು. ದ್ರಾಕ್ಷಿ ಪೊಟ್ಟಣ ಬಂದದ್ದು ಅವರ ಮನೆಯಿಂದ. ಬರುವಾಗಲೇ ಅದರ ದಾರ ಬಿಚ್ಚಿತ್ತು. ಅದನ್ನು ಯಾರೂ ಕೇಳಲಿಲ್ಲ.

ಮರುದಿನ ಚರ್ಚಿನಲ್ಲಿ ಅದೇ ಹಿರಿಯರು ರಸದ ಪುಟ್ಟ ಬಟ್ಟಲುಗಳ ತಟ್ಟೆ ಹಿಡಿದು ನಮ್ಮ ಸಾಲಿಗೆ ಬಂದಾಗ ಅವ್ವ ತೆಗೆದುಕೊಳ್ಳಲಿಲ್ಲ. ಯಾಕೆಂದು ಕೇಳಿದೆ.

"ಮನಸಿನ್ಯಾಗ ಅವರ ಮ್ಯಾಲ ಸಿಟ್ಟೈತಿ. ಸಿಟ್ಟಿಟ್ಕೊಂಡು ಇದನ್ನ ಕುಡೀಬಾರ್ದವ್ವ," ಎಂದು ಪಿಸುಗುಟ್ಟಿದಳು.

ಎಲ್ಲರಿಗೂ ಹಂಚಿದ ಮೇಲೆ ಹಿರಿಯರು ತಮ್ಮ ಬಟ್ಟಲು ಎತ್ತಿ, ಕಣ್ಣು ಮುಚ್ಚಿ, ಕುಡಿದರು.